ಹುಲ್ಲು ಎಣಿಸಿದ ವಾಚಣ್ಣ

ಬೀದಿಯಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಸಾಕು, ಔಷಧಿಗಿಂತ ಮೊದಲು ಸಲಹೆ ಬರುತ್ತದೆ. ಕೆಮ್ಮಿಗೇ ಹೀಗಾದರೆ, ಎದೆಯಲ್ಲಿ ಯಂತ್ರ ಕೂರಿಸಿಕೊಂಡು ಮನೆಗೆ ಬಂದವನ ಗತಿ ಏನಾಗಬೇಡ! ನಮ್ಮ ವಾಚಣ್ಣನ ಕಥೆ ಕೇಳಿ.

ವಾಚಣ್ಣ ಎಂದರೆ ಪೇಟೆಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಆಸಾಮಿಗೆ ಲೋಕವೇ ಬೇಡ. ವಾರಕ್ಕೊಂದು ದಿನ ಅಂಗಡಿಗೆ ರಜೆ. ಆವತ್ತು ಬೆಳಿಗ್ಗೆ ಗೆಳೆಯ ಬೇಕರಿಯವನ ಜೊತೆ ಊರಾಚೆಯ ಮೈದಾನಕ್ಕೆ ಹೋಗಿ ಗಾಲ್ಫ್ ಆಡಬೇಕು. ಗಾಲ್ಫ್ ಎಂದ ಕೂಡಲೇ ಕೋಟು ಬೂಟಿನವರ ಆಟ ಎಂದು ಮೂಗು ಮುರಿಯಬೇಡಿ. ಅದು ಎಲ್ಲರಿಗೂ ತೆರೆದಿಟ್ಟ ಮೈದಾನ, ಕೋಲುಗಳು ಯಾರೋ ಬಳಸಿ ಬಿಟ್ಟ ಹಳೆಯವು, ಚೆಂಡುಗಳು ಪೊದೆಯಲ್ಲಿ ಹುಡುಕಿ ತಂದವು. ವಾಚಣ್ಣನ ಆಟವೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ವಾರವೆಲ್ಲ ಗುಂಡುಸೂಜಿಗಿಂತ ಸಣ್ಣ ತಿರುಪು ಹಿಡಿದು ಕೂರುವವನಿಗೆ, ಕೈ ಬೀಸಿ ಏನನ್ನಾದರೂ ಹೊಡೆಯುವುದೇ ಒಂದು ಸುಖ.

ಅಂಥ ಒಂದು ಬೆಳಿಗ್ಗೆ ಅವನ ಚೆಂಡು ಹೇಗೋ, ಸೇರಬೇಕಾದ ಗುಳಿಗೇ ಬಿತ್ತು. ಅದನ್ನು ತೆಗೆಯಲು ವಾಚಣ್ಣ ಬಗ್ಗಿದ. ಬಗ್ಗಿದವನು ಮಂಡಿಯೂರಿ, ಹಣೆಯನ್ನು ಹುಲ್ಲಿಗೆ ತಾಗಿಸಿ ಹಾಗೇ ಉಳಿದುಬಿಟ್ಟ.

"ಏನೋ, ಹುಲ್ಲು ಎಣಿಸ್ತಿದೀಯಾ? ಎದ್ದೇಳು, ನನ್ನ ಸರದಿ!" ಎಂದ ಬೇಕರಿಯವನು ಹಿಂದಿನಿಂದ. ಉತ್ತರ ಬರಲಿಲ್ಲ. ತನ್ನ ಮಾತಿಗೆ ತಾನೇ ನಕ್ಕು ಇನ್ನೊಮ್ಮೆ ಕೇಳಿದ. ಆಮೇಲೆ ಹತ್ತಿರ ಬಂದು ಮುಖ ನೋಡಿದ. ಕೂಗಿ ಜನ ಸೇರಿಸಿ, ಅವನನ್ನು ಆಸ್ಪತ್ರೆಗೆ ಸಾಗಿಸಿದ.

ಆಸ್ಪತ್ರೆಯಲ್ಲಿ ತಿಳಿದದ್ದು ಇಷ್ಟು: ವಾಚಣ್ಣನ ಹೃದಯ ಬಹಳ ನಿಧಾನವಾಗಿ, ನಡುನಡುವೆ ನಿಂತು ನಿಂತು ಬಡಿಯುತ್ತಿತ್ತು. ಡಾಕ್ಟರು ಎಡಗಡೆ, ಕೊರಳ ಮೂಳೆಯ ಕೆಳಗೆ, ಚರ್ಮದೊಳಗೆ ಪೇಸ್‌ಮೇಕರ್ ಇಟ್ಟರು. ಬೆಂಕಿಪೊಟ್ಟಣದಷ್ಟೂ ಇಲ್ಲದ ಯಂತ್ರ. ಅದರಿಂದ ಹೃದಯಕ್ಕೆ ಸಣ್ಣ ತಂತಿ. ಹೃದಯ ತಡವರಿಸಿದರೆ ಯಂತ್ರ ಸಣ್ಣಗೆ ತಟ್ಟಿ "ನಡೆ ಮುಂದೆ" ಎನ್ನುತ್ತದೆ.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: "ಆರು ವಾರ ಎಡಗೈಯನ್ನ ಭುಜಕ್ಕಿಂತ ಮೇಲೆ ಎತ್ತಬೇಡಿ. ಭಾರ ಎತ್ತಬೇಡಿ. ಹಾಗಂತ ಕೈ ಕಟ್ಟಿ ಕೂರಬೇಡಿ, ಭುಜದ ಕೆಳಗೆ ಮಾಮೂಲಿನ ಹಾಗೆ ಆಡಿಸ್ತಾ ಇರಿ. ಆಮೇಲೆ ತಪಾಸಣೆಗೆ ಬನ್ನಿ, ಗಾಲ್ಫಿನ ಮಾತು ಆಗ ಆಡೋಣ."

ವಾಚಣ್ಣನ ಕಿವಿಗೆ "ಬೇಡಿ" ಎಂಬ ಮಾತುಗಳೆಲ್ಲ ಹೋದವು. ಉಳಿದವು ಹೊರಗೇ ಉಳಿದವು.

ತಪ್ಪು ಅವನ ಕಸುಬಿನದು. ಮೂವತ್ತು ವರ್ಷದಿಂದ ಅವನು ಗಿರಾಕಿಗಳಿಗೆ ಹೇಳಿಕೊಂಡು ಬಂದದ್ದು ಒಂದೇ ಪಾಠ: ರಿಪೇರಿಯಾದ ಗಡಿಯಾರವನ್ನು ಅಲುಗಾಡಿಸಬೇಡಿ, ಅಯಸ್ಕಾಂತದ ಹತ್ತಿರ ಇಡಬೇಡಿ, ಓಡುತ್ತಿರುವುದನ್ನು ಸುಮ್ಮನೆ ಬಿಚ್ಚಿಸಬೇಡಿ. ಈಗ ತಾನೇ ಒಂದು ರಿಪೇರಿಯಾದ ಗಡಿಯಾರ! ಮನೆಗೆ ಬಂದ ದಿನವೇ ಹೆಂಡತಿಯ ಹಳೇ ಶಾಲಿನಿಂದ ಎಡಗೈಯನ್ನು ಮೈಗೆ ಬಿಗಿದು ಕಟ್ಟಿಕೊಂಡ. ತುಂಬಿದ ಕೊಡ ಹೊತ್ತವನ ಹಾಗೆ ನಡೆಯತೊಡಗಿದ. ಕುರ್ಚಿಯಲ್ಲಿ ನೆಟ್ಟಗೆ ಕೂತೇ ನಿದ್ದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಅವನು ಬೀದಿಯಲ್ಲಿ. ಮೊಬೈಲು ಹೊಡೆದುಕೊಂಡರೆ ಹೆಂಡತಿ ಓಡಿ ಬರಬೇಕು, ಮುಟ್ಟಲು ಅವನು ತಯಾರಿಲ್ಲ.

"ರೀ, ಅದು ಫೋನು, ಹಾವಲ್ಲ," ಎಂದಳು ಹೆಂಡತಿ.

"ನಿನಗೇನು ಗೊತ್ತು? ಒಳಗೆ ಬ್ಯಾಟರಿ ಇರೋದು ನನಗೆ," ಎಂದ.

ಬೀದಿಯವರು ಸುಮ್ಮನಿರುತ್ತಾರೆಯೇ? ಪಕ್ಕದ ಮನೆಯಾಕೆ, ಯಾರಿಗೋ ಜೋರಾಗಿ ನಕ್ಕು ತಂತಿ ಕಿತ್ತುಬಂದಿತ್ತಂತೆ ಎಂದು ಉಪ್ಪು ಖಾರ ಹಚ್ಚಿ ಹೇಳಿದಳು. ಆವತ್ತಿನಿಂದ ವಾಚಣ್ಣ ನಗುವುದನ್ನೂ ಬಿಟ್ಟ. ಇದರಿಂದ ನಿಜವಾಗಿ ಪೆಟ್ಟು ತಿಂದವನು ಬೇಕರಿಯವನು. ಅವನ ಜೋಕುಗಳಿಗೆ ಊರಿನಲ್ಲಿ ನಗುತ್ತಿದ್ದವನು ವಾಚಣ್ಣ ಒಬ್ಬನೇ.

ಬೇಕರಿಯವನದು ಇನ್ನೊಂದು ಅತಿ. ಮೊದಲ ವಾರವೇ ಬಿಸಿ ಬನ್ನು ಹಿಡಿದು ಬಂದು, "ಏಳೋ, ನಾಳೆ ಮೈದಾನಕ್ಕೆ ಹೋಗೋಣ. ಒಂದೇ ಕೈಲಿ ಹೊಡಿ, ನಿನ್ನ ಆಟಕ್ಕೆ ಅಷ್ಟು ಸಾಕು. ನಿನಗೇನೂ ಆಗಿಲ್ಲ ಕಣೋ, ಏನೂ ಆಗಿಲ್ಲ!" ಎಂದ. ಆ "ಏನೂ ಆಗಿಲ್ಲ"ವನ್ನು ಅವನು ಎಷ್ಟು ಸಲ ಹೇಳಿದನೆಂದರೆ, ತನಗೇ ಹೇಳಿಕೊಳ್ಳುತ್ತಿದ್ದಾನೋ ಏನೋ ಎನ್ನಿಸುವಂತಿತ್ತು. ವಾಚಣ್ಣನ ಹೆಂಡತಿ ಬನ್ನು ಇಟ್ಟುಕೊಂಡು ಅವನನ್ನು ಹೊರಗೆ ಕಳಿಸಿದಳು.

ಆರು ವಾರ ಕಳೆಯಿತು. ವಾಚಣ್ಣ ಒಂದೇ ಕೈಯಲ್ಲಿ ಅಂಗಡಿಯ ಕೆಲಸ ಶುರುಮಾಡಿದ, ಶಾಲು ಮಾತ್ರ ಬಿಚ್ಚಲಿಲ್ಲ. ತಪಾಸಣೆಗೆ ಹೋಗೋಣ ಎಂದರೆ "ಓಡ್ತಿರೋದನ್ನ ಯಾಕೆ ಮುಟ್ಟಿಸೋದು?" ಎಂಬ ಉತ್ತರ. ಹೆಂಡತಿಯ ತಂಗಿ ಅದೇ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನರ್ಸು. ಅವಳು ಇದ್ದಿದ್ದರೆ ಕಿವಿ ಹಿಂಡಿ ಕರೆದೊಯ್ಯುತ್ತಿದ್ದಳು. ಆದರೆ ತರಬೇತಿಗೆಂದು ಪರ ಊರಿಗೆ ಹೋಗಿದ್ದಳು. ಅವಳು ಫೋನು ಮಾಡಿದಾಗಲೆಲ್ಲ ವಾಚಣ್ಣ ಆಚೆ ಕೋಣೆಯಿಂದಲೇ "ಚೆನ್ನಾಗಿದೀನಿ ಅಂತ ಹೇಳು!" ಎಂದು ಕೂಗುತ್ತಿದ್ದ.

ಮೂರು ತಿಂಗಳಾಯಿತು. ಒಂದು ದಿನ ವಾಚಣ್ಣ ಗಾಲ್ಫ್ ಚೀಲವನ್ನು ಅಂಗಡಿಗೆ ತರಿಸಿ, ಬೇಕರಿಯವನನ್ನು ಕರೆಸಿದ. ಅವನು ಬರುವವರೆಗೆ ಒಂದೊಂದೇ ಕೋಲನ್ನು ಬಲಗೈಯಲ್ಲೇ ಒರೆಸಿ ಒರೆಸಿ ಇಟ್ಟ. ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖವಾಗಿತ್ತು ಅದು.

"ತಗೊಂಡು ಹೋಗು. ನನಗಿನ್ನು ಇದರ ಋಣ ಮುಗೀತು."

ಬೇಕರಿಯವನು ಚೀಲ ಮುಟ್ಟಲಿಲ್ಲ. ಜೋಕೂ ಹೇಳಲಿಲ್ಲ. ಅವನ ಮುಖ ನೋಡಲಾರದೆ ವಾಚಣ್ಣ ಎದ್ದು, ಮೊಳೆಯ ಮೇಲಿದ್ದ ಒಂದು ಗೋಡೆ ಗಡಿಯಾರವನ್ನು ಇಳಿಸಲು ಹೋದ. ಎರಡು ಕೈ ಬೇಕಾದಷ್ಟು ದೊಡ್ಡ ಗಡಿಯಾರ. ಶಾಲು ಸಡಿಲಿಸಿ ಮೆಲ್ಲಗೆ ಎಡಗೈ ಎತ್ತಿದ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನಷ್ಟು ಎತ್ತಿದರೆ ಭುಜದಲ್ಲಿ ಛಳಕ್ ಎಂದು ನೋವು.

"ಅಯ್ಯೋ! ತಂತಿ ಸಿಕ್ಕಿಹಾಕ್ಕೊಂಡಿದೆ!" ಎಂದು ಕಿರುಚಿ ವಾಚಣ್ಣ ಕಲ್ಲಾಗಿ ನಿಂತ.

ಬೇಕರಿಯವನು ಅವನನ್ನು ಬ್ರೆಡ್ಡಿನ ವ್ಯಾನಿಗೆ ಹತ್ತಿಸಿದ. ಅಲುಗಾಡಬಾರದಲ್ಲ! ವ್ಯಾನು ಎಷ್ಟು ನಿಧಾನವಾಗಿ ಹೋಯಿತೆಂದರೆ, ಸೈಕಲ್ಲಿನವರು ದಾಟಿ ಹೋದರು, ನಡೆದುಹೋಗುತ್ತಿದ್ದ ಒಬ್ಬ ಅಜ್ಜ ದಾಟಿ ಹೋದ. ಹಿಂದೆ ಹಾರನ್ನುಗಳ ಮೆರವಣಿಗೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸುದ್ದಿ ತಿಳಿದ ಹೆಂಡತಿ ಬಸ್ಸು ಹಿಡಿದು ಬಂದು ಬಾಗಿಲಲ್ಲೇ ಕಾಯುತ್ತಿದ್ದಳು.

ಪುಣ್ಯಕ್ಕೆ ನಾದಿನಿ ತರಬೇತಿ ಮುಗಿಸಿ ಹಿಂದಿನ ದಿನವಷ್ಟೇ ಕೆಲಸಕ್ಕೆ ಮರಳಿದ್ದಳು. ಡಾಕ್ಟರು ಬಂದು ನೋಡಿದರು. ಎದೆಯ ಮೇಲೆ ಸಾಧನವೊಂದನ್ನು ಹಿಡಿದು ಯಂತ್ರವನ್ನು ಪರೀಕ್ಷಿಸಿದರು, ಎಕ್ಸ್‌ರೇ ತೆಗೆಸಿದರು, ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಕೊನೆಗೆ ನಕ್ಕರು.

"ತಂತಿ ಇರಬೇಕಾದ ಜಾಗದಲ್ಲೇ ಇದೆ. ಯಂತ್ರ ಚೆನ್ನಾಗಿ ಓಡ್ತಿದೆ. ಇವರೇ ನಿಂತುಬಿಟ್ಟಿದಾರೆ. ಕೈ ಆಡಿಸದೆ ಭುಜ ಬಿಗಿದುಕೊಂಡಿದೆ," ಎಂದು ಹೇಳಿ, ಮುಂದಿನದನ್ನು ನಾದಿನಿಗೆ ಒಪ್ಪಿಸಿ ಹೊರಟರು.

ನಾದಿನಿ ಶಾಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು. "ಭಾವ, ಇದು ನಮ್ಮಕ್ಕನ ಶಾಲಲ್ವಾ?"

"ಕೈ ಅಲುಗಾಡದಿರಲಿ ಅಂತ..."

"ಆರು ವಾರ ಭುಜದ ಮೇಲಕ್ಕೆ ಎತ್ತಬೇಡಿ ಅಂದ್ರೆ, ಮೂರು ತಿಂಗಳು ಕೈನೇ ಗಂಟು ಕಟ್ಟಿ ಇಟ್ಟಿರಾ? ನೆಗಡಿ ಬಂತು ಅಂತ ಮೂಗೇ ಕುಯ್ದುಕೊಂಡನಂತೆ, ಹಾಗಾಯ್ತು ನಿಮ್ಮ ಕಥೆ!"

ಬೇಕರಿಯವನು ಖುಷಿಯಾಗಿ, "ನಾನು ಮೊದಲ ವಾರವೇ ಆಟಕ್ಕೆ ಕರೆದಿದ್ದೆ ಕಣಮ್ಮ," ಎಂದ.

ನಾದಿನಿ ಅವನ ಕಡೆ ತಿರುಗಿದಳು. "ನೀವಾ ಅದು! ಅಣ್ಣ, ತಂತಿ ಹೃದಯದೊಳಗೆ ಕಚ್ಚಿಕೊಳ್ಳೋಕೆ ಕೆಲವು ವಾರ ಬೇಕು. ಹೊಸದಾಗಿ ನೆಟ್ಟ ಗಿಡಾನ ಮಾರನೇ ದಿನವೇ ಎಳೆದು ನೋಡ್ತಾರಾ? ಇವರು ಆವಾಗ ಕೋಲು ಬೀಸಿದ್ದಿದ್ರೆ ತಂತಿ ಜಾರಿ, ಇನ್ನೊಂದು ಆಪರೇಷನ್ನೇ ಆಗ್ತಿತ್ತೋ ಏನೋ."

ಬೇಕರಿಯವನು ತನ್ನ ಚಪ್ಪಲಿ ನೋಡತೊಡಗಿದ.

"ಮಿಕ್ಸಿ ಹಾಕೋ ಹಾಗಿಲ್ಲ ಕಣೇ ಮನೇಲಿ," ಎಂದು ಅಕ್ಕ ದೂರು ಬಿಚ್ಚಿದಳು. "ಫೋನು ಮುಟ್ಟಲ್ಲ. ನಗಲ್ಲ."

"ಮಿಕ್ಸಿ, ಟೀವಿ, ರೇಡಿಯೋ ಏನೂ ಮಾಡಲ್ಲ ಅಕ್ಕ. ಫೋನಲ್ಲಿ ಮಾತಾಡಬಹುದು, ಬಲಗಿವಿಗೆ ಹಿಡೀಲಿ. ಯಂತ್ರದ ಮೇಲಿರೋ ಜೇಬಲ್ಲಿ ಮಾತ್ರ ಇಟ್ಟುಕೊಳ್ಳಬಾರದು, ಒಂದು ಗೇಣು ದೂರ ಇರಲಿ. ನಗು ಎಷ್ಟು ಬೇಕಾದ್ರೂ ನಗಲಿ. ದೂರ ಇಡಬೇಕಾದ್ದು ಬಲವಾದ ಅಯಸ್ಕಾಂತ."

"ಅದು ನನಗೆ ಗೊತ್ತಿಲ್ವಾ?" ಎಂದ ವಾಚಣ್ಣ, ಕೊನೆಗೂ ತಾನು ಬಲ್ಲ ವಿಷಯ ಸಿಕ್ಕಿತೆಂದು ಬೀಗುತ್ತ. "ದಿನಾ ಅದೇ ಕೆಲಸ. ವಾಚಿಗೆ ಅಯಸ್ಕಾಂತ ಹಿಡಿದ್ರೆ, ಬಿಡಿಸೋಕೆ ಕರೆಂಟಿನ ಪೆಟ್ಟಿಗೆ ಇಟ್ಟಿದೀನಿ. ಅದೇ ಒಂದು ದೊಡ್ಡ ಅಯಸ್ಕಾಂತ. ಬಟನ್ ಒತ್ತಿದ್ರೆ ಗುಂಯ್ ಅನ್ನುತ್ತೆ."

"ಅದನ್ನ ಎಲ್ಲಿಟ್ಟುಕೊಂಡು ಒತ್ತುತೀರಿ?"

ವಾಚಣ್ಣ ಬಗ್ಗಿ, ಎದೆಗೆ ಅವಚಿಕೊಂಡು ತೋರಿಸಿದ. ತೋರಿಸುತ್ತಿರುವಾಗಲೇ ಅವನ ಮುಖ ಸಣ್ಣದಾಯಿತು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದಳು ಹೆಂಡತಿ. "ನನ್ನ ಮಿಕ್ಸಿಗೆ ಹೆದರಿ ಓಡಿದ ಗಂಡಸು!"

ನಾದಿನಿ ಈಗ ನಗಲಿಲ್ಲ. "ಭಾವ, ಇದನ್ನ ಮೊದಲೇ ಹೇಳಬೇಕಿತ್ತು. ನೀವು ಏನು ಕೆಲಸ ಮಾಡ್ತೀರಿ, ಯಾವ ಸಾಮಾನು ಬಳಸ್ತೀರಿ, ಯಾವ ಆಟ ಆಡ್ತೀರಿ, ಎಲ್ಲಾನೂ ಯಂತ್ರ ಇಡೋ ಮೊದಲೇ ಡಾಕ್ಟರಿಗೆ ಹೇಳಬೇಕು. ಯಾವ ಕಡೆ ಇಡೋದು ಅಂತಾನೂ ಅವರು ಅದನ್ನ ನೋಡಿ ಯೋಚಿಸ್ತಾರೆ. ಡಾಕ್ಟರನ್ನ ಕೇಳೋವರೆಗೆ ಆ ಪೆಟ್ಟಿಗೆ ಮುಟ್ಟಬೇಡಿ."

ವಾಚಣ್ಣ ತಲೆಯಾಡಿಸಿದ. ಆಗ ಹೆಂಡತಿ ಹೇಳಿದ ಮಾತೊಂದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. "ರೀ, ಕೀ ಕೊಡೋದೇ ಬೇಡದ ಆ ವಾಚುಗಳು ಬರ್ತಾವಲ್ಲ, ಕೈ ಆಡಿದ್ರೆ ತಾನೇ ಸುತ್ತಿಕೊಳ್ಳೋವು. ಯಾರಾದ್ರೂ ಅದನ್ನ ಪೆಟ್ಟಿಗೇಲಿ ಜೋಪಾನವಾಗಿ ಇಟ್ಟು, ನಿಂತುಹೋಯ್ತು ಅಂತ ತಂದ್ರೆ ಏನಂತ ಬೈತೀರಿ?"

ವಾಚಣ್ಣ ಗೊಣಗಿದ: "ಕಟ್ಟಿಕೊಂಡು ಓಡಾಡಿ ಅಂತೀನಿ. ಇಡೋಕೆ ಮಾಡಿದ್ದಲ್ಲ ಅಂತೀನಿ."

"ಮತ್ತೆ?"

"ನಿಮ್ಮ ಯಂತ್ರಕ್ಕೆ ನಿಮ್ಮ ಓಡಾಟ ಬೇಡ ಭಾವ, ಅದರ ಬ್ಯಾಟರಿ ವರ್ಷಗಟ್ಟಲೆ ಬರುತ್ತೆ," ಎಂದಳು ನಾದಿನಿ. "ಓಡಾಟ ಬೇಕಿರೋದು ನಿಮಗೆ."

ವಾಚಣ್ಣ ಶಾಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡ. ಆಮೇಲೆ, ಇಷ್ಟು ದಿನ ಯಾರಿಗೂ ಹೇಳದ್ದನ್ನು ಹೇಳಿದ. "ನನಗೆ ಕೈ ಎತ್ತೋಕೆ ಭಯ ಅಲ್ಲ ಕಣಮ್ಮ. ಬಗ್ಗೋಕೆ ಭಯ. ಆವತ್ತು ಬಗ್ಗಿದೋನು ಏಳಲಿಲ್ಲ. ಮತ್ತೆ ಬಗ್ಗಿದ್ರೆ..."

ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಬೇಕರಿಯವನು ಇನ್ನೂ ಚಪ್ಪಲಿಯನ್ನೇ ನೋಡುತ್ತಿದ್ದ.

"ನೀವು ಬಗ್ಗಿದ್ದಕ್ಕೆ ಬಿದ್ದಿದ್ದಲ್ಲ ಭಾವ," ಎಂದಳು ನಾದಿನಿ ಮೆತ್ತಗೆ. "ಹೃದಯ ನಿಂತು ನಿಂತು ಬಡೀತಿತ್ತು, ಅದಕ್ಕೆ ಬಿದ್ದಿರಿ. ಈಗ ಅದಕ್ಕೆ ಕಾವಲು ಕೂತಿದೆ. ಮತ್ತೆ ತಲೆ ಸುತ್ತಿದ್ರೆ, ಕಣ್ಣು ಕತ್ತಲೆ ಬಂದ್ರೆ, ಯಂತ್ರ ಇಟ್ಟ ಜಾಗ ಊದಿದ್ರೆ, ಕೆಂಪಾದ್ರೆ, ಜ್ವರ ಬಂದ್ರೆ ಸುಮ್ಮನಿರಬೇಡಿ, ಆಗಲೇ ಬನ್ನಿ. ಏನೂ ಇಲ್ಲದಿದ್ರೂ ಕರೆದ ದಿನಕ್ಕೆ ತಪಾಸಣೆಗೆ ಬನ್ನಿ. ಯಂತ್ರದ ಗುರುತಿನ ಚೀಟಿ ಯಾವಾಗಲೂ ಜೇಬಲ್ಲಿರಲಿ. ಇಷ್ಟು ಮಾಡಿ, ಉಳಿದಿದ್ದು ಅದು ನೋಡ್ಕೊಳ್ಳುತ್ತೆ."

ಆವತ್ತಿನಿಂದ ಶಾಲು ಅದರ ಒಡತಿಗೆ ವಾಪಸು ಬಂತು. ವ್ಯಾಯಾಮ ಕಲಿಸುವವರು ಹೇಳಿಕೊಟ್ಟಂತೆ ವಾಚಣ್ಣ ಗೋಡೆಗೆ ಎದುರಾಗಿ ನಿಂತು, ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಮೆಲ್ಲಗೆ ಹತ್ತಿಸತೊಡಗಿದ. ಬೆರಳು ತಲುಪಿದ ಕಡೆ ಹೆಂಡತಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಳು. ಅಂಗಡಿಗೆ ಬಂದವರು "ಏನಣ್ಣ, ಹಲ್ಲಿಗೆ ದಾರಿ ತೋರಿಸ್ತಿದೀಯಾ?" ಎಂದು ಕೇಳಿದರು. ವಾಚಣ್ಣ ಹತ್ತಿಸುತ್ತಲೇ ಇದ್ದ. ಗೆರೆಗಳು ಕಿಟಕಿಯ ಮಟ್ಟ ದಾಟಿದವು, ಒಂದು ದಿನ ಗೋಡೆ ಗಡಿಯಾರದ ಮೊಳೆ ಮುಟ್ಟಿದವು. ಅಯಸ್ಕಾಂತದ ಪೆಟ್ಟಿಗೆಯನ್ನು ಡಾಕ್ಟರು ಬೇಡವೇ ಬೇಡ ಎಂದರು. ಈಗ ಆ ಕೆಲಸ ಹೆಂಡತಿಯದು. ಬಟನ್ ಒತ್ತುವ ಮೊದಲು "ದೂರ ಸರೀರಿ!" ಎಂದು ಅವನನ್ನು ಬೀದಿಗೆ ಅಟ್ಟುವುದರಲ್ಲಿ ಅವಳಿಗೊಂದು ಸಂತೋಷ. ಮಿಕ್ಸಿಯ ಸೇಡು.

ಡಾಕ್ಟರು ಭುಜವನ್ನು ಇನ್ನೊಮ್ಮೆ ನೋಡಿ, "ಆಡಿ, ಆದರೆ ಮೆಟ್ಟಿಲು ಹತ್ತಿದ ಹಾಗೆ ಆಡಿ," ಎಂದರು. ಮೊದಲು ಚೆಂಡನ್ನು ಗುಳಿಗೆ ಮೆಲ್ಲಗೆ ತಳ್ಳುವುದಷ್ಟೇ. ಆಮೇಲೆ ಹತ್ತಿರದ ಸಣ್ಣ ಹೊಡೆತ. ಆಮೇಲೆ ಅರ್ಧ ಬೀಸು. ಎಲ್ಲೂ ನೋವಿಲ್ಲ ಎಂದಾದ ಮೇಲೆ ಪೂರ್ತಿ ಬೀಸು. ಚೀಲ ಹೊರುವುದು ಬೇಡ, ಚಕ್ರದ ಗಾಡಿಯಲ್ಲಿ ಎಳೆದುಕೊಂಡು ಹೋಗಿ. ಒಬ್ಬರೇ ಹೋಗಬೇಡಿ.

ಹಾಗೆ ಮನೆಯ ಚಾಪೆಯ ಮೇಲೆ ಚೆಂಡು ತಳ್ಳಿ, ಹಿತ್ತಲಲ್ಲಿ ಸಣ್ಣ ಹೊಡೆತ ಹೊಡೆದು, ಹೆಂಡತಿಯ ಒಂದು ಹೂಕುಂಡ ಒಡೆದು ಬೈಸಿಕೊಂಡ ಮೇಲೆ, ಒಂದು ಬೆಳಿಗ್ಗೆ ಮೂವರೂ ಮೈದಾನಕ್ಕೆ ಹೋದರು. ಗಾಡಿ ಎಳೆದವನು ಬೇಕರಿಯವನು. ಹೆಂಡತಿ ಜೊತೆಗೆ ಬಂದಳು, ಆಟ ನೋಡಲಲ್ಲ, ಗಂಡನನ್ನು ನೋಡಲು.

ವಾಚಣ್ಣ ಅರ್ಧ ಬೀಸು ಬೀಸಿದ. ಚೆಂಡು ಸ್ವಲ್ಪವೇ ಹೋಯಿತು, ಆದರೆ ನೆಟ್ಟಗೆ ಹೋಯಿತು. ಮೊದಲೆಲ್ಲ ಅದು ಬಹಳ ದೂರ ಹೋಗಿ ಪೊದೆಗೇ ಬೀಳುತ್ತಿತ್ತು. "ಮೊದಲೇ ಅರ್ಧ ಬೀಸಿದ್ದಿದ್ರೆ ನಿನಗೆ ಚೆಂಡಿನ ಖರ್ಚಾದ್ರೂ ಉಳೀತಿತ್ತಲ್ಲೋ," ಎಂದ ಬೇಕರಿಯವನು. ಆದರೆ ಅವನ ದನಿಯಲ್ಲಿ ಎಂದಿನ ಗಟ್ಟಿತನ ಇರಲಿಲ್ಲ. ಅವರು ಆ ಗುಳಿಯ ಹತ್ತಿರ ಬಂದಿದ್ದರು.

ವಾಚಣ್ಣ ಚೆಂಡನ್ನು ತಳ್ಳಿದ. ಮೊದಲ ಸಲ ತಪ್ಪಿತು, ಎರಡನೆಯ ಸಲ ಗುಳಿಯ ಅಂಚಲ್ಲಿ ನಿಂತು, ಯೋಚನೆ ಮಾಡಿ, ಒಳಗೆ ಬಿತ್ತು. ಈಗ ತೆಗೆಯಬೇಕು. ಅವನು ಗುಳಿಯ ಮುಂದೆ ನಿಂತ. ಹೆಂಡತಿಯ ಕಡೆ ನೋಡಿದ. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು.

ವಾಚಣ್ಣ ಬಗ್ಗಿದ. ಮಂಡಿಯೂರಿದ. ತಲೆ ತಗ್ಗಿಸಿದ. ಹಾಗೇ ಉಳಿದ.

"ರೀ!" ಎಂದು ಹೆಂಡತಿ ಕೂಗಿದಳು. ಬೇಕರಿಯವನ ಕೈಯಿಂದ ಗಾಡಿ ಜಾರಿ ಉರುಳಿ ಹೋಗಿ ಮರಕ್ಕೆ ತಾಗಿತು. ಇಬ್ಬರೂ ಅವನತ್ತ ಓಡತೊಡಗಿದರು.

ಆಗ ಕೆಳಗಿನಿಂದ ದನಿ ಬಂತು: "ಯಾಕೋ, ಇವತ್ತು ಹುಲ್ಲು ಎಣಿಸ್ತಿದೀಯಾ ಅಂತ ಕೇಳಲ್ವಾ?"

ಬೇಕರಿಯವನು ಇದ್ದಲ್ಲೇ ಕುಸಿದು ಕೂತ. "ಪಾಪಿ," ಎಂದ. "ಪಾಪಿ, ಪಾಪಿ." ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. "ನೀನು ಸಾಯ್ತಿದ್ದೆ ಕಣೋ ಆವತ್ತು. ನಾನು ತಮಾಷೆ ಮಾಡ್ತಾ ನಿಂತಿದ್ದೆ. ಎರಡು ಸಲ ಕೇಳಿದೆ, ನಗ್ತಾ ಕೇಳಿದೆ."

ಅದಕ್ಕೇ ಅವನು ಮೊದಲ ವಾರವೇ ಬನ್ನು ಹಿಡಿದು ಓಡಿ ಬಂದದ್ದು, ಏನೂ ಆಗಿಲ್ಲ, ಏನೂ ಆಗಿಲ್ಲ ಎಂದದ್ದು. ವಾಚಣ್ಣನಿಗೆ ಈಗ ಅರ್ಥವಾಯಿತು. ಎಡಗೈಯನ್ನು ನೆಲಕ್ಕೂರಿ ಎದ್ದು, ಬಂದು, ಅದೇ ಎಡಗೈಯನ್ನು ಗೆಳೆಯನ ಹೆಗಲ ಮೇಲೆ ಹಾಕಿದ. ಸರಾಗವಾಗಿ ಹೋಯಿತು ಕೈ.

"ನೀನು ಅಲ್ಲಿದ್ದೆ ಅಂತ ನಾನು ಉಳಿದೆ ಕಣೋ," ಎಂದ. "ಆದ್ರೆ ಆ ಜೋಕು ಮಾತ್ರ ನಿಜವಾಗ್ಲೂ ಚೆನ್ನಾಗಿರಲಿಲ್ಲ."

ಮೊದಲು ನಕ್ಕವಳು ಹೆಂಡತಿ. ಆಮೇಲೆ ವಾಚಣ್ಣ ನಕ್ಕ. ಇಷ್ಟು ದಿನ ಉಳಿತಾಯ ಮಾಡಿಟ್ಟಿದ್ದನ್ನೆಲ್ಲ ಸೇರಿಸಿ, ಹೊಟ್ಟೆ ಹುಣ್ಣಾಗುವಂತೆ, ಮೈಯೆಲ್ಲ ಅಲುಗಾಡುವಂತೆ ನಕ್ಕ. ಎದೆಯೊಳಗಿನ ಯಂತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು ಕುರ್ಚಿಗೆ ಅಂಟಿ ಕೂತ ವಾಚಣ್ಣ ಒಬ್ಬರಿರಬಹುದು. ಗಾಲ್ಫ್ ಆಗಬೇಕೆಂದೇನಿಲ್ಲ, ಅವರ ಪ್ರೀತಿಯ ಕೆಲಸ ತೋಟದ್ದಿರಬಹುದು, ಈಜಿರಬಹುದು, ಮೊಮ್ಮಗುವನ್ನು ಎತ್ತಿಕೊಳ್ಳುವುದಿರಬಹುದು. ಅವರನ್ನು ಅವಸರದಿಂದ ಎಳೆಯಬೇಡಿ, ಗಂಟು ಕಟ್ಟಿಯೂ ಇಡಬೇಡಿ. ಪಕ್ಕದ ಮನೆಯವರ ಮಾತಿಗೆ ಟೀ ಕೊಟ್ಟು ಕಳಿಸಿ, ಡಾಕ್ಟರ ಮಾತನ್ನು ಪೂರ್ತಿ ಕೇಳಿ. "ಬೇಡಿ"ಗಳನ್ನೂ ಕೇಳಿ, ಆಮೇಲೆ ಬರುವ "ಮಾಡಿ"ಗಳನ್ನೂ ಕೇಳಿ. ಪ್ರತಿಯೊಬ್ಬರ ಹೃದಯ ಬೇರೆ, ಯಂತ್ರ ಬೇರೆ, ಆದ್ದರಿಂದ ಯಾವಾಗ, ಎಷ್ಟು ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ತಪಾಸಣೆಯ ದಿನ ತಪ್ಪಿಸಬೇಡಿ.

ಇನ್ನೊಂದು ಮಾತು. ಯಾರಾದರೂ ಬಗ್ಗಿದವರು ಬೇಗ ಏಳದಿದ್ದರೆ, ಜೋಕು ಆಮೇಲೆ ಹೇಳಿದರಾಯಿತು. ಮೊದಲು ಹತ್ತಿರ ಹೋಗಿ ಮುಖ ನೋಡಿ.